ಅಮ್ಮನ ಪದ, ಮೊರೀನಳ ಪುಸ್ತಕ

ಹೊರಡುವ ಮುಂಚೆ

ಮೊರೀನ್ ನಮ್ಮ ಬ್ಯಾಂಡಿನ ಕಥೆ ಬರೆದಿದ್ದಾಳೆ ಅನ್ನುವ ಸುದ್ದಿ ಬಂದಾಗ ನಾನು ಕೋಲಾರದ ನಮ್ಮ ಮನೆಯ ಹಜಾರದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಫೋನು ಮಾಡಿದವಳು ಅವಳ ಮೊಮ್ಮಗಳು ಟೆಸ್, ಮೆಲ್ಬರ್ನ್‌ನಿಂದ. ಅಜ್ಜಿಯ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಬ್ಯಾಂಡಿನಲ್ಲಿ ಉಳಿದಿರುವ ಇನ್ನೊಬ್ಬಳು ಓದಿ ಸರಿ ಅನ್ನಬೇಕಂತೆ. ಆ ಇನ್ನೊಬ್ಬಳು ನಾನು.

ಅರವತ್ತರ ದಶಕದ ಕೊನೆಯ ವರ್ಷಗಳಲ್ಲಿ ಕೆಜಿಎಫ್‌ನಲ್ಲಿ ನಾವು ನಾಲ್ಕು ಜನ ಹಾಡುತ್ತಿದ್ದೆವು. ಡೆಸ್ಮಂಡ್ ಮತ್ತು ಮೊರೀನ್ ಅಣ್ಣ ತಂಗಿ, ಆಂಗ್ಲೋ ಇಂಡಿಯನ್ನರು. ಅವರ ತಂದೆ ಗಣಿಯೊಳಕ್ಕೆ ಜನರನ್ನು ಇಳಿಸಿ ಹತ್ತಿಸುವ ಯಂತ್ರದ ಡ್ರೈವರು. ಡೆಸ್ಮಂಡನದು ಗಿಟಾರು, ಮೊರೀನಳದು ಹಾಡು. ಟೀ ಸೊಪ್ಪಿನ ಮರದ ಪೆಟ್ಟಿಗೆಗೆ ಕೋಲು ನಿಲ್ಲಿಸಿ ದಾರ ಬಿಗಿದು ಧಂ ಧಂ ಅನ್ನಿಸುತ್ತಿದ್ದವನು ರಾಜಣ್ಣ. ನಾನು ಗಣಿ ಆಸ್ಪತ್ರೆಯ ಕಾಂಪೌಂಡರ ಮಗಳು, ಎರಡನೇ ದನಿ. ಇಂಗ್ಲಿಷ್ ಹಾಡುಗಳನ್ನೂ ನಮ್ಮ ಕಡೆಯ ರಾಗಿ ಬೀಸುವ ಪದಗಳನ್ನೂ ಒಂದೇ ಗಿಟಾರಿಗೆ ಹೊಂದಿಸಿಕೊಂಡು ಕಾಲೇಜು, ಕ್ಲಬ್ಬು, ಮದುವೆಮನೆ ಅಂತ ತಿರುಗುತ್ತಿದ್ದೆವು. ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಆ ಟೀ ಪೆಟ್ಟಿಗೆಯನ್ನು ನೋಡಿ ಜನ ನಮ್ಮನ್ನು ಮನೆ ಬದಲಾಯಿಸುವವರು ಅಂದುಕೊಳ್ಳುತ್ತಿದ್ದರು. ಆಮೇಲೆ ಮೊರೀನಳ ಮನೆಯವರೆಲ್ಲ ಆಸ್ಟ್ರೇಲಿಯಕ್ಕೆ ಹೊರಟರು. ಬ್ಯಾಂಡು ನಿಂತಿತು. ನಾನು ಶಾಲೆಯಲ್ಲಿ ಸಂಗೀತದ ಟೀಚರಾದೆ. ನಮ್ಮ ಹಾಡನ್ನು ಯಾರೂ ಒಂದು ಗ್ರಾಮಫೋನ್ ತಟ್ಟೆಗೂ ಟೇಪಿಗೂ ಹಾಕಲಿಲ್ಲ. ಡೆಸ್ಮಂಡ್ ತೀರಿಕೊಂಡ, ರಾಜಣ್ಣನೂ ತೀರಿಕೊಂಡ. ಮೊರೀನಳ ಪುಸ್ತಕ ಬಿಟ್ಟರೆ ನಾವು ಹಾಡಿದ್ದೆವು ಅನ್ನುವುದಕ್ಕೆ ಬೇರೇನೂ ಉಳಿದಿಲ್ಲ.

ಟೆಸ್ ಕಳಿಸಿದ್ದನ್ನು ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಓದಿದೆ. ಚೆನ್ನಾಗಿ ಬರೆದಿದ್ದಳು. ನಮಗೆ ಹೆಸರು ತಂದ ಪದದ ಬಗ್ಗೆ ಒಂದು ಇಡೀ ಅಧ್ಯಾಯವೇ ಇತ್ತು.

ನೆಲದಾಗೆ ಇಳಿದೋನೆ ಹತ್ತಿ ಬಾರೋ
ಹೊತ್ತು ಮುಳುಗೋಕೆ ಮುಂಚೆ ಹತ್ತಿ ಬಾರೋ
ಚಿನ್ನ ಅಲ್ಲೇ ಇರಲಿ, ನೀನು ಬಾರೋ

ಅದರ ಕೆಳಗೆ ಇಂಗ್ಲಿಷಿನಲ್ಲಿ, ಇದು ಆ ಸೀಮೆಯ ಹಳೆಯ ಜನಪದ ಗೀತೆ, ಕಟ್ಟಿದವರು ಯಾರೋ ಗೊತ್ತಿಲ್ಲ ಅಂತ ಬರೆದಿತ್ತು.

ಕಟ್ಟಿದವರು ಯಾರು ಅಂತ ನನಗೆ ಗೊತ್ತು. ನಮ್ಮಮ್ಮ. ಅವಳ ಅಣ್ಣ, ನನ್ನ ಸೋದರಮಾವ, ದಿನಾ ಗಣಿಗೆ ಇಳಿಯುತ್ತಿದ್ದ. ಅವನು ಹತ್ತಿ ಬರುವವರೆಗೆ ಇವಳಿಗೆ ಜೀವ ಕೈಯಲ್ಲಿ. ರಾಗಿ ಬೀಸುತ್ತ ಬೀಸುತ್ತ ಆ ಪದ ಕಟ್ಟಿದ್ದಳು. ಅದನ್ನು ನಾನು ಬ್ಯಾಂಡಿಗೆ ಕೊಡಲಾ ಅಂತ ಕೇಳಿದಾಗ ಅಮ್ಮ ಬೀಸುವುದನ್ನು ನಿಲ್ಲಿಸಿ, "ಹಳೇ ಪದ ಅಂತ ಹೇಳು. ನಾನು ಕಟ್ಟಿದ್ದು ಅಂತ ಯಾರಿಗೂ ಬಾಯಿ ಬಿಡಬೇಡ. ಆ ಮೊರೀನಿಗೂ ಹೇಳಬೇಡ. ನಿಮ್ಮಪ್ಪನ ಕಿವಿಗೆ ಬಿತ್ತು ಅಂದರೆ ನಿನ್ನ ಹಾಡೂ ನಿಲ್ಲುತ್ತೆ" ಅಂದಿದ್ದಳು. ಹೆಂಡತಿ ಕಟ್ಟಿದ ಪದವನ್ನು ಮಗಳು ಕ್ಲಬ್ಬಿನಲ್ಲಿ ಹಾಡುತ್ತಾಳೆ ಅಂದರೆ ಅಪ್ಪ ಆಸ್ಪತ್ರೆಯಲ್ಲಿ ತಲೆ ಎತ್ತಿ ನಡೆಯುತ್ತಿರಲಿಲ್ಲ. ನಾನು ಮಾತು ಕೊಟ್ಟೆ. ಅಪ್ಪ ಹೋದ ಮೇಲೂ, ಅಮ್ಮ ಹೋದ ಮೇಲೂ ಅದನ್ನು ಮುರಿಯಲಿಲ್ಲ.

ಈಗ ಪುಸ್ತಕ ಅಚ್ಚಾಗುತ್ತದೆ. ಒಂದು ಸಲ 'ಯಾರೋ' ಅಂತ ಅಚ್ಚಾದರೆ ಅಮ್ಮ ಯಾರೋ ಆಗಿಯೇ ಉಳಿಯುತ್ತಾಳೆ. ಹೇಳಿದರೆ ಮಾತಿಗೆ ತಪ್ಪಿದ ಹಾಗೆ. ಫೋನಿನಲ್ಲಿ ತೀರ್ಮಾನ ಮಾಡುವ ವಿಷಯ ಅಲ್ಲ ಅನ್ನಿಸಿತು. ಸಿಡ್ನಿಯಲ್ಲಿರುವ ನನ್ನ ಹಳೆಯ ಶಿಷ್ಯೆ ಅಶ್ವಿನಿ ಬನ್ನಿ ಬನ್ನಿ ಅಂತ ವರ್ಷಗಳಿಂದ ಕರೆಯುತ್ತಿದ್ದಳು. ಹೊರಟೇಬಿಟ್ಟೆ.

ಸಿಡ್ನಿಗೆ ಇಳಿದದ್ದು

ಅಶ್ವಿನಿಯ ಮಗಳಿಗೆ ಕೊಡೋಣ ಅಂತ ಒಂದು ಶ್ರುತಿಪೆಟ್ಟಿಗೆ ತಂದಿದ್ದೆ. ಆ ದೇಶದವರಿಗೆ ಮರದ ಸಾಮಾನು ಕಂಡರೆ ಭಯ, ಒಳಗೆ ಹುಳ ಇದ್ದೀತು ಅಂತ. ವಿಮಾನ ನಿಲ್ದಾಣದಲ್ಲಿ ಕೈಗವಸು ಹಾಕಿದ ಹೆಂಗಸೊಬ್ಬಳು ಅದನ್ನು ಮೇಜಿನ ಮೇಲಿಟ್ಟು, ಬೆರಳಿನಿಂದ ತಟ್ಟಿ, ಟಾರ್ಚು ಬಿಟ್ಟು ನೋಡಿ, ಇದೇನು ಅಂತ ಕೇಳಿದಳು. ಇಂಗ್ಲಿಷಿನಲ್ಲಿ ಶ್ರುತಿ ಅನ್ನುವುದಕ್ಕೆ ಏನನ್ನುತ್ತಾರೆ ಅಂತ ಆ ಗಳಿಗೆಗೆ ಹೊಳೆಯಲಿಲ್ಲ. ತೆಗೆದು ನುಡಿಸಿಯೇ ತೋರಿಸಿದೆ. ಹಿಂದಿನ ಸಾಲಿನಲ್ಲಿ ಟ್ರಾಲಿ ಹಿಡಿದು ಸಿಡಿಮಿಡಿ ಮಾಡುತ್ತಿದ್ದವರು ಸುಮ್ಮನಾದರು. ಆಕೆ ಸ್ವಲ್ಪ ಹೊತ್ತು ಕೇಳಿ, "ಲವ್ಲಿ, ಲವ್. ಹೋಗಿ ಬನ್ನಿ" ಅನ್ನುವ ಅರ್ಥದಲ್ಲಿ ಏನೋ ಅಂದಳು.

ಆ 'ಲವ್' ನನ್ನನ್ನು ಬಹಳ ದೂರ ಹಿಂಬಾಲಿಸಿತು. ಕಾಫಿ ಮಾರುವವನು, ಔಷಧಿ ಅಂಗಡಿಯವಳು, ಬಸ್ಸಿನ ಡ್ರೈವರು, ಎಲ್ಲರಿಗೂ ನಾನು ಲವ್. ನಮ್ಮ ಯಜಮಾನರು ಬದುಕಿದ್ದಷ್ಟೂ ಕಾಲ ನನ್ನನ್ನು ಹಾಗೆ ಕರೆದವರಲ್ಲ. ಕರೆದಿದ್ದರೆ ಜ್ವರ ಬಂದಿದೆಯೇನೋ ಅಂತ ಹಣೆ ಮುಟ್ಟಿ ನೋಡುತ್ತಿದ್ದೆ.

ದಿ ಪಾಂಡ್ಸ್

ಅಶ್ವಿನಿಯ ಮನೆ ಇರುವ ಬಡಾವಣೆಯ ಹೆಸರು ದಿ ಪಾಂಡ್ಸ್. ಹೆಸರಿಗೆ ತಕ್ಕಂತೆ ಕೆರೆಗಳಿವೆ, ಬಾತುಕೋಳಿಗಳಿವೆ. ಮನೆಗಳು ಮಾತ್ರ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ, ಒಂದೇ ಬೂದಿ ಬಣ್ಣ, ಒಂದೇ ಗ್ಯಾರೇಜು ಬಾಗಿಲು. ಎರಡನೇ ದಿನ ಬೆಳಿಗ್ಗೆ ಒಬ್ಬಳೇ ವಾಕಿಂಗ್ ಹೋಗಿ ಬಂದು, ಬಾಗಿಲು ತೆರೆದಿದೆಯಲ್ಲ ಅಂತ ಒಳಗೆ ಹೋಗಿ ಸೋಫಾದಲ್ಲಿ ಕೂತೆ. ಗೋಡೆಯ ಮೇಲಿನ ದೇವರ ಪಟ ಬೇರೆಯಾಗಿತ್ತು. ಅಡುಗೆಮನೆಯಿಂದ ಬಂದ ಹೆಂಗಸು ನನ್ನನ್ನು ನೋಡಿ ಗಾಬರಿಯಾಗಲಿಲ್ಲ. ತನ್ನ ಅತ್ತೆಯ ಸ್ನೇಹಿತರು ಯಾರೋ ಅಂದುಕೊಂಡಳಂತೆ. ನನ್ನ ಹರಕು ಹಿಂದಿ, ಅವಳ ಗುಜರಾತಿ ಹಿಂದಿ ಸೇರಿ ವಿಷಯ ತಿಳಿಯುವಷ್ಟರಲ್ಲಿ ಚಹಾ ಬಂದಿತ್ತು. ಕುಡಿದೇ ಎದ್ದೆ. ಅವಳು ನನ್ನನ್ನು ಕರೆದುಕೊಂಡು ಹೊರಟು, ಮೂಲೆ ತಿರುಗಿ ಅಶ್ವಿನಿಯ ಬಾಗಿಲಿಗೆ ಮುಟ್ಟಿಸಿ ಹೋದಳು. ಇಂಥದ್ದು ತಿಂಗಳಿಗೊಮ್ಮೆ ಯಾರ ಮನೆಗಾದರೂ ಆಗುತ್ತೆ ಮಿಸ್ ಅಂತ ಅಶ್ವಿನಿ ನಕ್ಕಳು. ಊರಿನಿಂದ ಬರುವ ಅಪ್ಪ ಅಮ್ಮಂದಿರೇ ಹೆಚ್ಚು ದಾರಿ ತಪ್ಪುವುದಂತೆ.

ಅಶ್ವಿನಿ ಎಂಟನೇ ಕ್ಲಾಸಿನಿಂದ ನನ್ನ ಹತ್ತಿರ ಹಾಡು ಕಲಿತವಳು. ಮುಳಬಾಗಿಲಿನ ಹುಡುಗಿ, ಓದಲು ಬಂದು ಇಲ್ಲೇ ಪಿಆರ್, ಅಂದರೆ ಕಾಯಂ ಇರುವ ಪರವಾನಗಿ, ಮಾಡಿಸಿಕೊಂಡು ನಿಂತವಳು. ನನಗೆ ಇವತ್ತಿಗೂ ಮಿಸ್ ಅನ್ನುವವಳು ಅವಳೊಬ್ಬಳೇ. ಉಳಿದವರಿಗೆಲ್ಲ ನಾನು ಆಂಟಿ, ಐವತ್ತು ದಾಟಿದ ಗಂಡಸರಿಗೂ ಆಂಟಿ. ಅವಳ ಮಗಳು ದಿಯಾ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಸರಿಯಾಗಿ, ಇಂಗ್ಲಿಷಿನಲ್ಲಿ, ಉತ್ತರ ಕೊಡುತ್ತಿದ್ದಳು. ಶ್ರುತಿಪೆಟ್ಟಿಗೆ ಹಿಡಿದು ಕೂತಾಗ ಮಾತ್ರ ಬಾಯಲ್ಲಿ ಅಚ್ಚ ಕನ್ನಡ. ಇದು ಹೇಗೆ ಅಂತ ಅಶ್ವಿನಿಯನ್ನು ಕೇಳಿದರೆ, ಹಾಡಿಗೆ ಎದುರು ಉತ್ತರ ಕೊಡಬೇಕಾಗಿಲ್ಲವಲ್ಲ ಮಿಸ್ ಅಂದಳು.

ನಾರ್ತ್ ಸಿಡ್ನಿ

ಒಂದು ದಿನ ಅಶ್ವಿನಿ ತನ್ನ ಆಫೀಸು ಇರುವ ನಾರ್ತ್ ಸಿಡ್ನಿಗೆ ನನ್ನನ್ನು ಕರೆದುಕೊಂಡು ಹೋದಳು. ಅಲ್ಲಿ ಬಸ್ಸಿನಿಂದ ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಯೂ ಹೇಳಿಯೇ ಇಳಿಯುತ್ತಾರೆ. ಹಿಂದಿನ ಬಾಗಿಲಿನಿಂದ ಇಳಿಯುವವರು ಅಲ್ಲಿಂದಲೇ ಕೂಗಿ ಹೇಳುತ್ತಾರೆ. ನಮ್ಮಲ್ಲಿ ನಿಲ್ದಾಣ ಬರುವ ಮುಂಚೆ ಕಂಡಕ್ಟರ್ ಬೈದು ಇಳಿಸುವುದು, ನಾವು ಗೊಣಗುತ್ತ ಇಳಿಯುವುದು. ನಾನೂ ಗಟ್ಟಿಯಾಗಿ ಥ್ಯಾಂಕ್ಯೂ ಹೇಳಿದೆ. ಖುಷಿಯಾಯಿತು. ಖುಷಿಯಲ್ಲಿ ಕೊಡೆ ಬಸ್ಸಿನಲ್ಲೇ ಉಳಿಯಿತು.

ನೀರಿನ ದಂಡೆಯಲ್ಲಿ ಕೂತು ಚಿತ್ರಾನ್ನ ತಿನ್ನುವಾಗ ಅಶ್ವಿನಿಗೆ ಪದದ ವಿಷಯ ಹೇಳಿದೆ. ಬ್ಯಾಂಡಿನಲ್ಲಿ ಇಲ್ಲದ ಒಬ್ಬರಿಗೆ ಹೇಳಿ ನೋಡೋಣ ಅನ್ನಿಸಿತ್ತು. ಮೊದಲ ಸಲ ಬಾಯಿ ಬಿಟ್ಟ ಗಡಿಬಿಡಿಯಲ್ಲಿ ಅನ್ನ ಚೆಲ್ಲಿತು, ಎಲ್ಲಿಂದಲೋ ಬಂದ ಬಿಳಿ ಹಕ್ಕಿಗಳು ಅದನ್ನು ಹೊತ್ತುಕೊಂಡು ಹೋದವು. ಅಶ್ವಿನಿ ಒಂದು ಕ್ಷಣವೂ ಯೋಚಿಸಲಿಲ್ಲ. ತನ್ನ ಆಫೀಸಿನಲ್ಲಿ ಬೇರೆಯವರ ಕೆಲಸಕ್ಕೆ ಹೆಸರು ಹಾಕದೆ ಬಿಟ್ಟರೆ ದೊಡ್ಡ ರಂಪ ಆಗುತ್ತೆ, ಕ್ರೆಡಿಟ್ ಕೊಡಲೇಬೇಕು, ಇದರಲ್ಲಿ ಕೇಳುವುದಕ್ಕೇನಿದೆ ಅಂದಳು. ಅಮ್ಮ ಬೇಡ ಅಂದಿದ್ದಳಲ್ಲೇ ಅಂದೆ. ಆಗಿನ ಕಾಲಕ್ಕೆ ಬೇಡ ಅಂದರು ಮಿಸ್, ಈಗ ಕೇಳಿದ್ದರೆ ಏನನ್ನುತ್ತಿದ್ದರೋ ಅಂದಳು.

ಈಗ ಕೇಳುವುದು ಯಾರನ್ನು? ನಾನು ಡಬ್ಬಿ ಮುಚ್ಚಿದೆ.

ಹಗಲು ರೈಲು

ಮೆಲ್ಬರ್ನ್‌ಗೆ ವಿಮಾನದಲ್ಲಿ ಹೋದರೆ ಬೇಗ ಅಂತ ಎಲ್ಲರೂ ಹೇಳಿದರು. ನಾನು ರೈಲೇ ಬೇಕು ಅಂದೆ. ಬೆಳಿಗ್ಗೆ ಹೊರಟದ್ದು ಸಂಜೆ ಕತ್ತಲಾಗುವಾಗ ಮುಟ್ಟುತ್ತದೆ. ಚಳಿಗಾಲ, ಜುಲೈ ತಿಂಗಳು. ಕಿಟಕಿಯ ಹೊರಗೆ ಹಸಿರು ಗುಡ್ಡ, ಕುರಿ, ಮತ್ತೆ ಗುಡ್ಡ, ಮತ್ತೆ ಕುರಿ. ನಮ್ಮ ಕಡೆ ರೈಲು ಅಂದರೆ ಒಂದು ಊರು ಕಳೆಯುವ ಮೊದಲೇ ಎದುರಿನವರ ಮಕ್ಕಳೆಷ್ಟು, ಯಾರಿಗೆ ಸಕ್ಕರೆ ಕಾಯಿಲೆ, ಎಲ್ಲ ಗೊತ್ತಾಗುತ್ತದೆ. ಇಲ್ಲಿ ಎಲ್ಲರೂ ಪಕ್ಕದವರ ಮೊಣಕೈಗೂ ತಾಗದ ಹಾಗೆ ಕೂತಿದ್ದರು. ಮಧ್ಯಾಹ್ನ ಕಾಂಗರೂ ಕಾಂಗರೂ ಅಂತ ಬೋಗಿಯೆಲ್ಲ ಎಡಗಡೆ ತಿರುಗಿದಾಗ ನಾನು ಬಗ್ಗಿ ಚೀಲದಲ್ಲಿ ಕನ್ನಡಕ ಹುಡುಕುತ್ತಿದ್ದೆ. ಕನ್ನಡಕ ಸಿಕ್ಕಿತು. ಕಾಂಗರೂ ಹೋಗಿತ್ತು.

ಪಕ್ಕದಲ್ಲಿದ್ದವರು ದೊಡ್ಡ ಟೋಪಿಯ ಮುದುಕರು, ಕುರಿಯ ಉಣ್ಣೆ ಕತ್ತರಿಸುವ ಕೆಲಸ ಮಾಡಿದವರಂತೆ. ನಾನು ಕಾಂಗರೂ ತಪ್ಪಿಸಿಕೊಂಡದ್ದಕ್ಕೆ ಮರುಕಪಟ್ಟು ಮಾತಿಗೆ ಶುರು ಮಾಡಿದರು. ಕೈಯಲ್ಲಿದ್ದ ಕಾಗದಗಳೇನು ಅಂತ ಕೇಳಿದರು. ಗುರುತಿಲ್ಲದವರ ಹತ್ತಿರ ಹೇಳುವುದು ಸುಲಭ. ಬ್ಯಾಂಡು, ಅಮ್ಮ, ಪದ, ಮಾತು ಕೊಟ್ಟಿದ್ದು, ಎಲ್ಲ ಹೇಳಿದೆ. ಅಶ್ವಿನಿಯ ಹಾಗೆಯೇ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಟೋಪಿಯನ್ನು ಮೊಣಕಾಲಿನ ಮೇಲಿಟ್ಟು, ಕೊಟ್ಟ ಮಾತು ಕೊಟ್ಟದ್ದೇ ಅಂದರು. ಮಾತು ತೆಗೆದುಕೊಂಡವರು ಸತ್ತರೆ ಬಿಡುಗಡೆ ಅಂತಿಲ್ಲ, ಆಮೇಲೆ ಬಿಗಿ ಇನ್ನೂ ಹೆಚ್ಚು, ಯಾಕೆಂದರೆ ಬಿಚ್ಚುವವರು ಇಲ್ಲ. ಅಷ್ಟು ಹೇಳಿ, ಒಂದು ಪುದೀನಾ ಪೆಪ್ಪರ್‌ಮೆಂಟು ಕೊಟ್ಟು, ತಮ್ಮ ಊರು ಬಂತು ಅಂತ ಇಳಿದು ಹೋದರು.

ಪೆಪ್ಪರ್‌ಮೆಂಟು ಬಾಯಲ್ಲಿಟ್ಟುಕೊಂಡು ಆ ಅಧ್ಯಾಯವನ್ನು ಮತ್ತೆ ಓದಿದೆ. ಹೇಳುವುದು ಬೇಡ ಅಂತ ಅವತ್ತು ಸಂಜೆಯ ಹೊತ್ತಿಗೆ ಹೆಚ್ಚು ಕಡಿಮೆ ತೀರ್ಮಾನಿಸಿದ್ದೆ. ಹಗುರವಾಗಬೇಕಿತ್ತು, ಆಗಲಿಲ್ಲ.

ವೆರಿಬೀ

ಮೆಲ್ಬರ್ನ್ ಸ್ಟೇಷನ್ನಿನಲ್ಲಿ ಟೆಸ್ ಕಾದಿದ್ದಳು. ಮೂವತ್ತರ ಆಸುಪಾಸಿನ ಎತ್ತರದ ಹುಡುಗಿ, ಡೆಸ್ಮಂಡನ ಗಲ್ಲ. ಅವಳ ಪಕ್ಕದಲ್ಲಿ ದಪ್ಪ ಕೋಟಿನೊಳಗೆ ಮುಳುಗಿದ್ದ ಪುಟ್ಟ ಮುದುಕಿ ಯಾರು ಅಂತ ನನಗೆ ತಕ್ಷಣ ತಿಳಿಯಲಿಲ್ಲ. ಅವಳಿಗೂ ತಿಳಿಯಲಿಲ್ಲ. ನಾವಿಬ್ಬರೂ ಎದುರಿಗಿದ್ದವಳ ಬೆನ್ನ ಹಿಂದೆ ಇನ್ಯಾರಾದರೂ ಬರುತ್ತಾರೇನೋ ಅಂತ ಹುಡುಕುತ್ತ ನಿಂತಿದ್ದೆವು. ಆಮೇಲೆ ಅವಳು "ಸರೋ?" ಅಂದಳು. ದನಿ ಒಡೆದಿತ್ತು, ಆದರೂ ಅದೇ ದನಿ. ತಬ್ಬಿಕೊಂಡೆವು. ಅವಳ ಕಿವಿಯ ಯಂತ್ರ ಕುಯ್ ಅಂತ ಕೂಗಿಕೊಂಡಿತು.

ಮೊರೀನ್ ಇರುವುದು ಊರಿನ ಪಶ್ಚಿಮಕ್ಕೆ, ವೆರಿಬೀಯಲ್ಲಿ, ಟೆಸ್ ಜೊತೆ. ಬಂದ ಹೊಸದರಲ್ಲಿ ಬಿಸ್ಕೆಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದಳಂತೆ. ಆಗ ಪಕ್ಕದ ಮನೆಯವರಿಗೆ ಕೆಜಿಎಫ್ ಎಲ್ಲಿದೆ ಅಂತ ವಿವರಿಸಿ ಸೋತಿದ್ದಳು. ಈಗ ಅವಳ ಬೀದಿ ತುಂಬ ನಮ್ಮವರೇ. ಮೂಲೆಯ ಅಂಗಡಿಯಲ್ಲಿ ರಾಗಿ ಹಿಟ್ಟು, ಕರಿಬೇವು, ಎಲ್ಲ ಸಿಗುತ್ತದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ದಾವಣಗೆರೆ ಹುಡುಗಿಯ ಹತ್ತಿರ ಮೊರೀನ್ ಕೆಜಿಎಫ್ ಶೈಲಿಯಲ್ಲಿ, ಕನ್ನಡ ತಮಿಳು ಇಂಗ್ಲಿಷ್ ಕಲಸಿ, ಸೊಪ್ಪು ಬಾಡಿದೆ ಅಂತ ಜಗಳ ತೆಗೆದಾಗ ಆ ಹುಡುಗಿ ಬಾಯಿ ತೆರೆದು ನೋಡುತ್ತಿತ್ತು. ಹೊರಗೆ ಬಂದ ಮೇಲೆ ಮೊರೀನ್, "ನಾನು ದೇಶ ಬಿಟ್ಟು ಬಂದೆ ಸರೋ. ನಿಧಾನಕ್ಕೆ ದೇಶವೇ ನನ್ನ ಬೀದಿಗೆ ಬಂತು" ಅಂದಳು.

ನಮ್ಮ ಮಾತೆಲ್ಲ ಆ ಕಲಸುಮೇಲೋಗರದಲ್ಲೇ. ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ.

ಅಲ್ಲಿಯ ಮನೆಗಳ ಒಳಗಿನ ಚಳಿಯ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಟೆಸ್ ಕೊಟ್ಟ ಕೋಟು. ಹಾಸಿಗೆಯೊಳಗೆ ಬಿಸಿನೀರಿನ ರಬ್ಬರ್ ಚೀಲ ಇಟ್ಟಿದ್ದರು. ಕಾಲಿಗೆ ಮೆತ್ತಗೆ ತಾಗಿದಾಗ ಬೆಕ್ಕು ಅಂತ ತಿಳಿದು ಜೋರಾಗಿ ಒದ್ದೆ. ಮರುದಿನ ಮೊರೀನ್ ನನಗಾಗಿ ಮುದ್ದೆ ತೊಳಸಿದಳು. ಗಂಟು ಗಂಟಾಗಿತ್ತು. ನಮ್ಮ ಮನೆಯಲ್ಲಿ ತಿಂದದ್ದನ್ನು ನೆನಪಿಟ್ಟುಕೊಂಡು ಮಾಡಿದ್ದು, ಇಲ್ಲಿ ತಪ್ಪಿದರೆ ತಿದ್ದುವವರು ಯಾರಿದ್ದರು ಅಂದಳು. ಗಂಟು ಬಿಡಿಸಿಕೊಂಡು ಎಲ್ಲಾ ತಿಂದೆ.

ಅಡುಗೆಮನೆಯ ಮೇಜು

ಪುಸ್ತಕ ನೋಡುವ ಕೆಲಸ ಶುರುವಾಯಿತು. ಟೆಸ್ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದೇ ಪುಟ ಓದುವುದು, ನಾನು ಇದು ಹೀಗಲ್ಲ ಹಾಗೆ ಅನ್ನುವುದು, ಮೊರೀನ್ ಒಪ್ಪುವುದು ಅಥವಾ ಒಪ್ಪದಿರುವುದು. ರಾಜಣ್ಣನ ಟೀ ಪೆಟ್ಟಿಗೆ ಮುರಿದದ್ದು ಬಂಗಾರಪೇಟೆಯಲ್ಲೋ ಬೆಂಗಳೂರಿನಲ್ಲೋ ಅಂತ ಬಹಳ ಹೊತ್ತು ವಾದ ಮಾಡಿದೆವು. ಟೆಸ್ ಕೊನೆಗೆ ರೈಲಿನಲ್ಲಿ ಮುರಿಯಿತು ಅಂತ ಹಾಕಲಾ ಅಂದಳು. ಇಬ್ಬರೂ ಒಪ್ಪಿದೆವು.

ಗಣಿಯ ಕ್ಲಬ್ಬಿನಲ್ಲಿ ಕ್ರಿಸ್‌ಮಸ್ ದಿನ ಹಾಡಿದ ಪುಟ ಬಂತು. 'ಹತ್ತಿ ಬಾರೋ' ಹಾಡುವಾಗ ತಾನು ತಡವಾಗಿ, ಎರಡನೇ ಚರಣಕ್ಕೆ ಬಂದು ಸೇರಿದ್ದನ್ನೂ ಸರೋ ತನ್ನನ್ನು ಕಣ್ಣಲ್ಲೇ ಸುಟ್ಟದ್ದನ್ನೂ ಮೊರೀನ್ ಬರೆದಿದ್ದಳು. ನಿಜ, ಸುಟ್ಟಿದ್ದೆ. ಮೊದಲ ಚರಣವನ್ನು ನಾನೊಬ್ಬಳೇ ಹಾಡಿದೆ. ಆಮೇಲೆ ಇವಳು ಓಡಿಕೊಂಡು ಬಂದಳು, ಒಂದು ಕಾಲಿನಲ್ಲಿ ಹೀಲ್ಸ್, ಇನ್ನೊಂದು ಕಾಲು ಬರಿಗಾಲು. ಕುಂಟುತ್ತ ಬಂದು ಮೈಕಿನ ಮುಂದೆ ನಿಂತಳು. ಅವಳು ಕುಡಿದಿದ್ದಾಳೆ ಅಂತ ರಾಜಣ್ಣ ನನ್ನ ಕಿವಿಯಲ್ಲಿ ಹೇಳಿದ್ದ.

ಅದನ್ನು ನೆನಪಿಸಿಕೊಂಡು ನಾನು ನಕ್ಕೆ. ಒಂದು ಶೂ ಎಲ್ಲಿ ಹೋಗಿತ್ತೇ ಅಂತ ಕೇಳಿದೆ.

ಮೊರೀನ್ ನಗಲಿಲ್ಲ. ಮೇಜಿನ ಮೇಲಿದ್ದ ಚಮಚವನ್ನು ಆಚೆಗಿಟ್ಟಳು, ಈಚೆಗಿಟ್ಟಳು. ಟೆಸ್ ತಲೆಯೆತ್ತಿ ಅಜ್ಜಿಯನ್ನು ನೋಡಿದಳು.

"ಹೇಳಲ್ಲ ಅಂತ ಮಾತು ಕೊಟ್ಟಿದ್ದೆ" ಅಂದಳು ಮೊರೀನ್.

ಯಾರಿಗೆ ಅಂತ ಕೇಳಿದೆ.

"ನಿಮ್ಮಮ್ಮನಿಗೆ."

ನನಗೆ ಅರ್ಥವಾಗಲಿಲ್ಲ. ನಮ್ಮಮ್ಮ ಕ್ಲಬ್ಬಿನ ಕಡೆ ತಲೆ ಹಾಕಿದವಳಲ್ಲ. ನಾನು ವೇದಿಕೆಯ ಮೇಲೆ ಹಾಡಿದ್ದನ್ನು ಅಮ್ಮ ಒಂದು ಸಲವೂ ಕೇಳಲಿಲ್ಲ ಅನ್ನುವುದೇ ನನಗೆ ಜೀವಮಾನವಿಡೀ ಇದ್ದ ಕೊರಗು.

ಮೊರೀನ್ ನಿಧಾನವಾಗಿ ಹೇಳಿದಳು. ಅವತ್ತು ಗಂಟಲಿಗೆ ಬಿಸಿನೀರು ಬೇಕು ಅಂತ ಅವಳು ಕ್ಲಬ್ಬಿನ ಅಡುಗೆಮನೆಗೆ ಹೋಗಿದ್ದಳು. ಹಿಂದಿನ ಬಾಗಿಲ ಹತ್ತಿರ, ಪಾತ್ರೆಗಳ ಪಕ್ಕ, ಸೆರಗು ತಲೆಮೇಲೆ ಹೊದ್ದು ನಮ್ಮಮ್ಮ ನಿಂತಿದ್ದಳು. ಅಡುಗೆಯವನ ಹೆಂಡತಿ ನಮ್ಮ ಬೀದಿಯವಳು, ಅವಳೇ ಕರೆದುಕೊಂಡು ಬಂದಿದ್ದಳು. ಅಪ್ಪನಿಗೆ ಅವತ್ತು ಆಸ್ಪತ್ರೆಯಲ್ಲಿ ಡ್ಯೂಟಿ. ಮೊರೀನಳನ್ನು ಕಂಡು ಅಮ್ಮನ ಮುಖ ಬಿಳಿಚಿಕೊಂಡಿತಂತೆ. ಕೈ ಹಿಡಿದುಕೊಂಡು, ನಮ್ಮ ಸರೋಜನಿಗೆ ಹೇಳಬೇಡ ಕಣಮ್ಮ ಅಂದಳಂತೆ. ಗೊತ್ತಾದರೆ ಅವಳು ಅವರಪ್ಪನ ಮುಂದೆ ಸುಳ್ಳು ಹೇಳಬೇಕಾಗುತ್ತೆ, ಅವಳಿಗೆ ಸುಳ್ಳು ಬರಲ್ಲ.

"ನಾನು ಒಂದು ಸ್ಟೂಲು ಎಳೆದು ಕೂರಿಸಿದೆ" ಅಂದಳು ಮೊರೀನ್. "ಹಾಲಿಗೆ ಹೋಗುವ ಬಾಗಿಲು ಸ್ಪ್ರಿಂಗಿನದು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಸಂದಿಯಿಂದ ನಿನ್ನನ್ನು ನೋಡಲಿ ಅಂತ ನನ್ನ ಶೂ ಬಿಚ್ಚಿ ಅದರ ಕೆಳಗೆ ಸಿಗಿಸಿದೆ. ಅಷ್ಟರಲ್ಲಿ ನೀನು ಶುರು ಮಾಡಿಬಿಟ್ಟಿದ್ದೆ."

ಟೆಸ್ ಎದ್ದು ನನ್ನ ಕೋಟಿನ ಕಾಲರು ಸರಿಮಾಡಿ ಮತ್ತೆ ಕೂತಳು.

ಅಮ್ಮ ಕೇಳಿದ್ದಳು. ಮೊದಲ ಚರಣ, ನಾನೊಬ್ಬಳೇ ಹಾಡಿದ ಚರಣ, ಪೂರ್ತಿ ಕೇಳಿದ್ದಳು.

ಹಾಡು ಮುಗಿದಾಗ ಅಮ್ಮ ಏನಂದಳು ಅಂತ ಕೇಳಿದೆ. ಮೊರೀನಳ ಮುಖದಲ್ಲಿ ಈಗ ನಗು ಬಂತು. ಶೂ ತೆಗೆದುಕೊಳ್ಳಲು ಹೋದಾಗ ಅಮ್ಮ ಎದ್ದು ನಿಂತಿದ್ದಳಂತೆ. ಚೆನ್ನಾಗಿತ್ತು ಅನ್ನುತ್ತಾಳೆ ಅಂತ ಇವಳು ಕಾದರೆ, ಅಮ್ಮನಿಗೆ ಸಿಟ್ಟು. ಮೂರನೇ ಸಾಲು ತಪ್ಪು ಹಾಡಿದಿರಿ ಅಂದಳಂತೆ. ನೀನು ಬಾರೋ ಅಲ್ಲ, ನೀ ಬರಿಗೈಲಿ ಬಾರೋ. ಒಂದು ಮಾತನ್ನೇ ನುಂಗಿಬಿಟ್ಟಿರಿ.

ಬರಿಗೈಲಿ. ಕೇಳಿದ ಕೂಡಲೇ ಬೀಸುವ ಕಲ್ಲಿನ ಸದ್ದಿನೊಂದಿಗೆ ಅದು ನೆನಪಿಗೆ ಬಂತು. ಡೆಸ್ಮಂಡನ ಗಿಟಾರಿನ ಲೆಕ್ಕಕ್ಕೆ ಆ ಪದ ಹೆಚ್ಚಾಗುತ್ತದೆ ಅಂತ ಮೊದಲ ದಿನವೇ ಕಿತ್ತು ಹಾಕಿದ್ದೆವು. ಹಾಡಿ ಹಾಡಿ, ಅದು ಇತ್ತು ಅನ್ನುವುದನ್ನೇ ನಾನು ಮರೆತಿದ್ದೆ.

"ಅವತ್ತೇ ನನಗೆ ಗೊತ್ತಾಯಿತು, ಅದು ಯಾರ ಪದ ಅಂತ" ಅಂದಳು ಮೊರೀನ್. "ಹಳೇ ಪದ ತಪ್ಪು ಹಾಡಿದರೆ ಯಾರೂ ಅಷ್ಟು ಸಿಟ್ಟಾಗಲ್ಲ. ಆದರೆ ಅವರು ಅಲ್ಲಿಗೆ ಬಂದದ್ದನ್ನು ಹೇಳದೆ ಅದನ್ನು ಹೇಳುವುದು ಹೇಗೆ? ಅದಕ್ಕೇ ಪುಸ್ತಕದಲ್ಲಿ ಗೊತ್ತಿಲ್ಲ ಅಂತ ಬರೆದೆ."

ಆಗ ನಾನೂ ಹೇಳಿದೆ. ಅಮ್ಮ ನನ್ನಿಂದ ತೆಗೆದುಕೊಂಡ ಮಾತು, ಆ ಮೊರೀನಿಗೂ ಹೇಳಬೇಡ ಅಂದದ್ದು. ಮೊರೀನ್ ಕೇಳಿಸಿಕೊಂಡು, ನನಗೆ ನಿನ್ನ ಹತ್ತಿರ ಹೇಳಬೇಡ ಅಂತ, ನಿನಗೆ ನನ್ನ ಹತ್ತಿರ ಹೇಳಬೇಡ ಅಂತ, ಇಬ್ಬರ ಬಾಯನ್ನೂ ಕಟ್ಟಿ ನಿಮ್ಮಮ್ಮ ಆರಾಮಾಗಿ ಮುದ್ದೆ ಬಡಿಸುತ್ತಿದ್ದರಲ್ಲ ಅಂದಳು. ನಕ್ಕೆವು. ನಗುತ್ತಲೇ ನನಗೆ ಅಳು ಬಂತು. ಟೆಸ್ ಕೆಟಲ್ ಹಾಕಿದಳು. ಆ ದೇಶದಲ್ಲಿ ಯಾರಾದರೂ ಅತ್ತರೆ ಮೊದಲು ಟೀ ಮಾಡುತ್ತಾರೆ. ಅದು ನಮ್ಮ ಹಾಗೆಯೇ.

ಹೊಳೆಯ ದಂಡೆ

ಮಧ್ಯಾಹ್ನ ಬಿಸಿಲು ಬಂತು. ವೆರಿಬೀಯ ಹೊಳೆಯ ದಂಡೆಗೆ ನಾವಿಬ್ಬರು ಮುದುಕಿಯರೂ ಕೈ ಹಿಡಿದುಕೊಂಡು ಹೋದೆವು. ಎದುರು ಬಂದವರೆಲ್ಲ ಗುರುತಿನವರ ಹಾಗೆ ತಲೆ ಅಲ್ಲಾಡಿಸಿ ಹೋಗುತ್ತಿದ್ದರು. ಒಂದು ಮನೆಯ ಗೇಟಿನ ಹೊರಗೆ ನಿಂಬೆಹಣ್ಣು ತುಂಬಿದ ಬುಟ್ಟಿ ಇತ್ತು, ಬೇಕಾದವರು ತೆಗೆದುಕೊಳ್ಳಿ ಅಂತ ಚೀಟಿ ಅಂಟಿಸಿದ್ದರು. ನಮ್ಮೂರಿನಲ್ಲಿ ಹೀಗೆ ಇಟ್ಟರೆ ಬುಟ್ಟಿಯೂ ಉಳಿಯುವುದಿಲ್ಲ ಅಂದೆ. ಇಲ್ಲೂ ಒಂದು ಸಲ ಬುಟ್ಟಿ ಹೋಗಿತ್ತು ಅಂದಳು ಮೊರೀನ್.

ಏನು ಮಾಡೋಣ ಅಂತ ಅವಳು ಕೇಳಲಿಲ್ಲ. ಅದು ನನ್ನ ತೀರ್ಮಾನ ಅಂತ ಅವಳಿಗೆ ಗೊತ್ತಿತ್ತು. ರೈಲಿನ ಟೋಪಿಯವರು ಹೇಳಿದ್ದು ನನ್ನ ತಲೆಯಲ್ಲಿ ಇನ್ನೂ ಕೂತಿತ್ತು. ಬಿಚ್ಚುವವರು ಇಲ್ಲ ಅಂದಿದ್ದರು. ನಡೆಯುತ್ತ ನಡೆಯುತ್ತ ನನಗೆ ಬೇರೆ ಒಂದು ತೋರಿತು. ಅಮ್ಮ ಹೆದರಿದ್ದು ಅಪ್ಪನಿಗೆ, ಬೀದಿಗೆ, ನನ್ನ ಹಾಡು ನಿಂತೀತು ಅನ್ನುವುದಕ್ಕೆ. ಆ ಹೆದರಿಕೆ ಇಟ್ಟುಕೊಂಡೂ ಕತ್ತಲ ದಾರಿಯಲ್ಲಿ ಕ್ಲಬ್ಬಿನ ಹಿಂಬಾಗಿಲಿಗೆ ಬಂದಳು. ಬಂದು, ಯಾರ ಕಣ್ಣಿಗೂ ಬೀಳಬಾರದು ಅನ್ನುವ ಜಾಗದಲ್ಲಿ ನಿಂತು, ನನ್ನ ಸಾಲನ್ನು ತಪ್ಪು ಮಾಡಿದಿರಿ ಅಂತ ಜಗಳ ಆಡಿದಳು. ಯಾರೋ ಆಗಿರಲು ಒಪ್ಪಿದವಳು ಹಾಗೆ ಜಗಳ ಆಡುವುದಿಲ್ಲ.

ನಿಂತು ಮೊರೀನಳಿಗೆ ಅಷ್ಟನ್ನೂ ಹೇಳಿದೆ. ಅವಳು ಕಿವಿಯ ಯಂತ್ರ ಸರಿಮಾಡಿಕೊಂಡು ಇನ್ನೊಂದು ಸಲ ಹೇಳು ಅಂದಳು. ಹೇಳಿದೆ.

"ಹಾಗಿದ್ದರೆ ಸರಿಯಾಗಿ ಹಾಡು ಮೊದಲು" ಅಂದಳು.

ಬೆಂಚಿನ ಮೇಲೆ ಕೂತು ಹಾಡಿದೆವು. ಬರಿಗೈಲಿ ಸೇರಿಸಿದರೆ ಸಾಲು ಉದ್ದವಾಗುತ್ತದೆ, ಉಸಿರು ಸಾಲುವುದಿಲ್ಲ. ಮೊರೀನ್ ನಡುವೆ ಕೆಮ್ಮಿದಳು. ನಾನು ಅವಳಿಗಾಗಿ ಕಾದೆ. ಡೆಸ್ಮಂಡ್ ಇದ್ದಿದ್ದರೆ ಖಂಡಿತ ತಕರಾರು ಮಾಡುತ್ತಿದ್ದ. ನಾಯಿ ಹಿಡಿದುಕೊಂಡು ಬಂದ ಒಬ್ಬ ಹೆಂಗಸು ದೂರ ನಿಂತು, ಮುಗಿಯುವವರೆಗೂ ಇದ್ದು, ನಾಯಿಗೆ ಬಾ ಅಂದು ಹೋದಳು.

ಹೆಸರು

ಮನೆಗೆ ಬಂದು ಟೆಸ್‌ಗೆ ಹೇಳಿದೆವು. ಅವಳು ಲ್ಯಾಪ್‌ಟಾಪ್ ತೆರೆದು ಕಟ್ಟಿದವರು ಯಾರೋ ಗೊತ್ತಿಲ್ಲ ಅನ್ನುವ ಸಾಲನ್ನು ಅಳಿಸಿದಳು. ಹೆಸರು ಹೇಳಿ ಅಂದಳು.

"ಮುನಿವೆಂಕಟಮ್ಮ" ಅಂದೆ.

ಟೆಸ್ ನನ್ನ ಮುಖ ನೋಡಿದಳು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ, ಅವಳು ಇಂಗ್ಲಿಷಿನಲ್ಲಿ ಒಂದೊಂದೇ ಒತ್ತಿದಳು. ಅಮ್ಮ ಇಂಗ್ಲಿಷಿನಲ್ಲಿ ಯಾವತ್ತೂ ತನ್ನ ಹೆಸರು ಬರೆದವಳಲ್ಲ, ಹೇಗೆ ಬರೆದರೂ ಅದೇ ಸರಿ. ಪರದೆಯ ಮೇಲೆ ಅದು ಹಾಡಿನ ಸಾಲಿಗಿಂತ ಉದ್ದವಾಗಿ ಕಂಡಿತು.

ಟೆಸ್ ಓದಲು ನೋಡಿದಳು. ಮುನಿ ತನಕ ಬಂದು ನಿಂತಳು. ಮೊರೀನ್ ಕುರ್ಚಿಯಿಂದಲೇ ತಿದ್ದಿದಳು. ಟೆಸ್ ಮತ್ತೆ ಹೇಳಿದಳು, ಈ ಸಲ ನಡುವಿನ ಒಂದು ಅಕ್ಷರ ಬಿಟ್ಟುಹೋಯಿತು. ಟೀ ಕಪ್ಪುಗಳನ್ನು ಎತ್ತಿಕೊಂಡು ತೊಳೆಯಲು ನಿಂತಳು. ನಲ್ಲಿಯ ನೀರಿನ ಸದ್ದಿನ ನಡುವೆ ಅವಳ ಬಾಯಲ್ಲಿ ಅದೇ ಹೆಸರು, ಒಂದು ಸಲ ಮೂತಿ ಮುರಿದು, ಒಂದು ಸಲ ಬಾಲ ತುಂಡಾಗಿ. ಮೊರೀನ್ ಪ್ರತಿ ಸಲವೂ ಜೋರಾಗಿ, ಸರಿಯಾಗಿ, ಕೂಗಿ ಹೇಳುತ್ತಿದ್ದಳು.

ನಾನು ಗೋಡೆಗೆ ಒರಗಿ ಕೂತು ಕೇಳುತ್ತಿದ್ದೆ. ಅಪ್ಪ ಅಮ್ಮನನ್ನು ಕರೆಯುತ್ತಿದ್ದದ್ದು ಇವಳೇ ಅಂತ. ಬೀದಿಯವರಿಗೆ ಅವಳು ಕಾಂಪೌಂಡರ ಮನೆಯೋಳು, ಮಾವನಿಗೆ ತಂಗ್ಯಮ್ಮ, ನಮಗೆ ಅಮ್ಮ. ಆ ಹೆಸರನ್ನು ಯಾರಾದರೂ ಇಷ್ಟು ಗಟ್ಟಿಯಾಗಿ, ಇಷ್ಟು ಸಲ ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಕೊನೆಗೂ ಟೆಸ್‌ಗೆ ಬಂತು. ಒದ್ದೆ ಕೈಯಲ್ಲಿ ನನ್ನ ಕಡೆ ತಿರುಗಿ, ಸರಿಯಾಯಿತಾ ಅಂತ ಕೇಳಿದಳು.

"ಸರಿಯಾಯಿತು" ಅಂದೆ. "ಇನ್ನೊಂದು ಸಲ ಹೇಳು."